ಮುನ್ನೂರ ಒಂಬತ್ತು

ಫೆಬ್ರುವರಿ 6, ಮಂಗಳವಾರ

ಅವಕ್ಕೆ ಬಾಯಿ ಬೇಕು ಅಂದರೋ, ದನಿ ಬೇಕು ಅಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಅಂಕಿಗಳ ಬಗ್ಗೆ ನಮ್ಮ ಪ್ರಾಂಶುಪಾಲರು ಡಾ. ಟಾಲಿವರ್ ಆಡಿದ ಮಾತು. 'ಅಂಕಿಗಳು ತಾವಾಗೇ ಏನೂ ಹೇಳಲ್ಲ ಕಾರ್ಲ್' ಎಂದು ಶುರುವಾಗಿ, ಆ ಬಾಯಿಯೋ ದನಿಯೋ ನಾನೇ ಆಗಬೇಕು ಎಂಬಲ್ಲಿಗೆ ಬಂದು ನಿಂತಿತು. ಆಲ್ಡರ್ ಗ್ರೋವ್ ಹೈಸ್ಕೂಲಿಗೆ ಸತತ ಐದನೆಯ ವರ್ಷ ರಾಜ್ಯದ ಅಗ್ರಶ್ರೇಣಿ ಸಿಗಬೇಕು. ಜಿಮ್ನೇಷಿಯಂ ಗೋಡೆಯ ಮೇಲೆ ನಾಲ್ಕು ನೀಲಿ ಪತಾಕೆಗಳು ತೂಗುತ್ತಿವೆ. ಐದನೆಯದಕ್ಕೆ ಕೊಕ್ಕೆಯನ್ನು ಹೋದ ಬೇಸಿಗೆಯಲ್ಲೇ ಹೊಡೆಸಿಟ್ಟಿದ್ದಾರೆ. ಅರ್ಜಿಯ ಜೊತೆ ಶಾಲೆಯ ಬಗ್ಗೆ ಒಂದು ಪ್ರಬಂಧ ಹೋಗಬೇಕಂತೆ.

ಇಪ್ಪತ್ತೆರಡು ವರ್ಷದಿಂದ ಇಲ್ಲಿ ಮಕ್ಕಳ ಸಲಹೆಗಾರನಾಗಿದ್ದೇನೆ. ಅದಕ್ಕೂ ಮುಂಚೆ ಆರು ವರ್ಷ ಸಾಹಿತ್ಯ ಕಲಿಸಿದ್ದೆ. ಅದು ಈ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಟಾಲಿವರ್‌ಗೆ ಗೊತ್ತಿತ್ತು. 'ನಿಮ್ಮ ಕೈಯಲ್ಲಿ ಭಾಷೆ ಇದೆ' ಅಂದರು. ಹಾಗೆ ಯಾರಾದರೂ ಅಂದು ಎಷ್ಟು ವರ್ಷವಾಯಿತು ಎಂದು ಕಾರಿನಲ್ಲಿ ಕೂತು ಯೋಚಿಸಿದೆ. ನನಗೇ ಸ್ವಲ್ಪ ನಾಚಿಕೆಯಾಯಿತು.

ಹಾಜರಿ ಮೇಜಿನ ಬೆವ್ ನೊವಿಟ್ಸ್ಕಿಗೆ ಹೇಳಿದೆ. ನಾನು ಸೇರಿದ ವರ್ಷವೇ ಅವಳೂ ಇಲ್ಲಿ ಸೇರಿದ್ದು.

'ಹೊಗಳಿ ಬರೀಬೇಕಾ? ನಂಗೆ ಕೊಟ್ಟಿದ್ರೆ ಎರಡೇ ಸಾಲಲ್ಲಿ ಮುಗಿಸ್ತಿದ್ದೆ. ಪಾರ್ಕಿಂಗ್ ಜಾಗ ದೊಡ್ಡದಿದೆ. ಮಕ್ಕಳ ಕಾರು ಟೀಚರ್‌ಗಳ ಕಾರಿಗಿಂತ ಚೆನ್ನಾಗಿವೆ.'

'ಬೆವ್, ಇದು ಗಂಭೀರ ವಿಷಯ.'

'ನಾನೂ ಗಂಭೀರವಾಗೇ ಹೇಳ್ತಿದೀನಪ್ಪ.'

ಫೆಬ್ರುವರಿ 15, ಗುರುವಾರ

ಕೊರಿನ್ ಸ್ಟ್ರಾಕಾ ಬಂದಿದ್ದಳು. ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ಕೊನೆಯ ವರ್ಷದ ಹುಡುಗಿ, ವಯಸ್ಸು ಹದಿನೇಳು. ನಾನು ಕಳಿಸಿದ ನಾಲ್ಕನೆಯ ಚೀಟಿಗೆ ಬಂದಳು. ಈ ವರ್ಷ ಮೂವತ್ತೊಂದು ದಿನ ಗೈರು. ಬಂದ ದಿನಗಳಲ್ಲೂ ಮೊದಲ ಎರಡು ಪೀರಿಯಡ್ ಇಲ್ಲ.

ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತಳು. ತಾಯಿ ತಂದೆ ಇಲ್ಲ, ಅಜ್ಜಿಯೇ ಪೋಷಕಿ. ನವೆಂಬರಿನಲ್ಲಿ ಅಜ್ಜಿಗೆ ಪಾರ್ಶ್ವವಾಯು ಹೊಡೆದಿದೆ. ನೋಡಿಕೊಳ್ಳುವ ಹೆಂಗಸು ಬರುವುದೇ ಹತ್ತು ಗಂಟೆಗೆ.

'ಅಲ್ಲೀವರೆಗೂ ಅವರನ್ನ ಎಬ್ಬಿಸ್ಬೇಕು, ತೊಳಿಸ್ಬೇಕು, ಓಟ್ಸ್ ತಿನ್ನಿಸ್ಬೇಕು. ಅದರ ಮೇಲೆ ರಸಾಯನಶಾಸ್ತ್ರಾನೂ ಓದು ಅಂದ್ರೆ, ಸಾರಿ ಮಿಸ್ಟರ್ ಲುಂಡೀನ್.'

'ಯಾರಿಗಾದ್ರೂ ಹೇಳಿದೆಯಾ ಇದನ್ನ?'

'ಗೈರು ಯಾಕೆ ಅಂತ ಮನೆಗೆ ರೆಕಾರ್ಡಿಂಗ್ ಫೋನ್ ಬರುತ್ತಲ್ಲ, ಅದಕ್ಕೆ ಹೇಳಿದ್ದೆ. ಅದು ಥ್ಯಾಂಕ್ಸ್ ಅಂತು.'

ನಗು ಬಂತು, ಇಬ್ಬರಿಗೂ. ಅವಳ ಕಾಗದಗಳನ್ನು ಹರಡಿ ನೋಡಿದೆ. ಜೂನಿನೊಳಗೆ ಮುಗಿಯುವುದಿಲ್ಲ, ಮೂರು ವಿಷಯ ಬಾಕಿ ಉಳಿಯುತ್ತವೆ. ಆದರೆ ಸೆಪ್ಟೆಂಬರಿನಲ್ಲಿ ಬಂದು, ಬೆಳಗಿನ ತರಗತಿ ಬಿಟ್ಟು, ಮಧ್ಯಾಹ್ನ ಮೂರೇ ವಿಷಯ ತೆಗೆದುಕೊಂಡರೆ ಡಿಸೆಂಬರಿಗೆ ಹೈಸ್ಕೂಲು ಮುಗಿಸಿದ ಪದವಿ ಪತ್ರ ಕೈಯಲ್ಲಿ.

'ಐದನೇ ವರ್ಷಾನಾ? ಎಲ್ರೂ ನಗ್ತಾರೆ.'

'ನಗೋರೆಲ್ಲ ಅಷ್ಟೊತ್ತಿಗೆ ಕಾಲೇಜಿಗೆ ಹೋಗಿರ್ತಾರೆ. ಇಪ್ಪತ್ತೊಂದು ತುಂಬೋವರೆಗೂ ಇಲ್ಲಿ ಓದೋ ಹಕ್ಕಿದೆ ನಿಂಗೆ. ಯಾರೂ ತಡೆಯೋಕಾಗಲ್ಲ.'

ಯೋಚಿಸಿದಳು. ದಾದಿಯಾಗುವ ಕೋರ್ಸಿಗೆ ಸೇರಬೇಕಂತೆ. ಅದಕ್ಕೆ ಈ ಪತ್ರ ಬೇಕೇ ಬೇಕು. 'ಅಜ್ಜಿ ಮೇಲೆ ಅಭ್ಯಾಸ ಆಗೋಗಿದೆ' ಅಂದಳು. ಬಾಗಿಲ ಹತ್ತಿರ ತಿರುಗಿ ಕೇಳಿದಳು:

'ಸೆಪ್ಟೆಂಬರಲ್ಲಿ ನೀವಿರ್ತೀರಾ?'

'ಇರ್ತೀನಿ.'

ಅವಳಿಗಾಗಿ ಮಧ್ಯಾಹ್ನದ ವೇಳಾಪಟ್ಟಿಯನ್ನು ಕೈಯಲ್ಲೇ ಬರೆದು ಕಡತದಲ್ಲಿಟ್ಟೆ. ಬಹಳ ದಿನಗಳ ಮೇಲೆ ಒಂದು ಕೆಲಸ ಮಾಡಿದಂತೆ ಅನ್ನಿಸಿತು.

ಫೆಬ್ರುವರಿ 27, ಮಂಗಳವಾರ

ಪ್ರಬಂಧ ಮುಗಿಯಿತು. ಎಂಟು ದಿನ ಹಿಡಿಯಿತು. ಟೆನಿಸ್, ವಾದ್ಯವೃಂದ, ಗಣಿತ ತಂಡ, ರೋಬೋಟ್ ತಂಡ ಎಲ್ಲವೂ ಇದ್ದವು, ಆದರೆ ಜೀವ ಇರಲಿಲ್ಲ. ಸಾಧನೆಗಳನ್ನು ಸಾಲಾಗಿ ಬರೆದರೆ ಮರಣವಾರ್ತೆಯ ಹಾಗೆ ಕಾಣುತ್ತದೆ. ಕೊನೆಗೆ ಕೊರಿನ್‌ಳನ್ನು ತಂದೆ. ಹೆಸರಿಲ್ಲ, ಊರಿನ ಬೀದಿಯಿಲ್ಲ. 'ಹಾಸಿಗೆ ಹಿಡಿದ ಅಜ್ಜಿಯನ್ನು ಎಬ್ಬಿಸಿ ಬರುವ ಒಬ್ಬ ಹುಡುಗಿ.' ಅವಳಿಗಾಗಿ ಶಾಲೆ ತನ್ನ ಗಂಟೆಯನ್ನೇ ಬದಲಿಸಿಕೊಂಡಿತು ಎಂದು ಬರೆದೆ. ಶಾಲೆ ಅಂದರೆ ನಾನು, ಗಂಟೆ ಅಂದರೆ ಕಡತದಲ್ಲಿರುವ ಆ ಹಾಳೆ. ಆದರೂ ಸುಳ್ಳಲ್ಲ.

ಕೊನೆಯ ವಾಕ್ಯವನ್ನು ಹನ್ನೊಂದು ಸಲ ತಿದ್ದಿದೆ: 'ನಾವು ಮಕ್ಕಳನ್ನು ಎಣಿಸುವುದಿಲ್ಲ, ಕಾಯುತ್ತೇವೆ.' ಟಾಲಿವರ್ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. 'ಈ ಹುಡುಗಿ ನಿಜವಾಗ್ಲೂ ಇದ್ದಾಳಾ?' ಎಂದು ಕೇಳಿದರು. ಇದ್ದಾಳೆ ಅಂದೆ. ಹೆಸರು ಕೇಳಲಿಲ್ಲ.

ಮಾರ್ಚ್ 21, ಗುರುವಾರ

ರೋಬೋಟ್ ತಂಡ ರಾಜ್ಯಕ್ಕೆ ಮೂರನೆಯದು. ಬೆಳಗಿನ ಪ್ರಕಟಣೆಯಲ್ಲಿ ನನ್ನ ಪ್ರಬಂಧದ ಒಂದು ಸಾಲನ್ನು ಟಾಲಿವರ್ ಸೇರಿಸಿದರು. ಯಾರ ಸಾಲು ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಏಪ್ರಿಲ್ 4, ಗುರುವಾರ

ಬೆವ್ ಬಾಗಿಲು ಮುಂದೆ ಮಾಡಿ ಒಳಗೆ ಬಂದಳು. ಅವಳು ಬಾಗಿಲು ಹಾಕುವವಳಲ್ಲ.

ಕೊನೆಯ ವರ್ಷದ ತರಗತಿಯಲ್ಲಿ ಮುನ್ನೂರ ಹತ್ತು ಮಂದಿ. ನಾಲ್ಕು ವರ್ಷದಲ್ಲಿ ಮುಗಿಸಿದವರು ನೂರಕ್ಕೆ ತೊಂಬತ್ತೇಳಾದರೂ ಇರದಿದ್ದರೆ ಅಗ್ರಶ್ರೇಣಿ ಇಲ್ಲ. ಒಂಬತ್ತು ಮಂದಿ ಉಳಿದುಹೋದರೂ ನಡೆಯುತ್ತದೆ. ಹತ್ತು ಆದರೆ ನಡೆಯುವುದಿಲ್ಲ. ಡಿಸೆಂಬರಿಗೆ ಮುಗಿಸುವವರನ್ನೂ ರಾಜ್ಯ ಉಳಿದವರೆಂದೇ ಲೆಕ್ಕ ಹಿಡಿಯುತ್ತದೆ. ಪಟ್ಟಿಗೆ ಮೇ ಒಂದಕ್ಕೆ ಬೀಗ.

'ಒಂಬತ್ತು ಜನದ್ದು ಆಗ್ಲೇ ಗ್ಯಾರಂಟಿ' ಎಂದಳು ಬೆವ್. 'ಹತ್ತನೇದು ನಿನ್ನ ಪ್ರಬಂಧದ ನಾಯಕಿ.'

'ನಿಂಗೆ ಹೇಗೆ ಗೊತ್ತು ಅವಳೇ ಅಂತ?'

'ಹಾಜರಿ ನೋಡೋಳು ನಾನು ಕಣಯ್ಯ. ಆ ಹುಡುಗಿ ಯಾಕೆ ಬರಲ್ಲ ಅಂತ ನಂಗೆ ನಿನಗಿಂತ ಮುಂಚೆ ಗೊತ್ತು.'

'ಮತ್ತೆ ಹೇಳಲಿಲ್ಲ?'

'ಕೇಳಿದ್ರೆ ಹೇಳ್ತಿದ್ದೆ.'

ಏಪ್ರಿಲ್ 16, ಮಂಗಳವಾರ

ಟಾಲಿವರ್ ಕರೆದಿದ್ದರು. ಬೇಡವೆಂದರೂ ಕಾಫಿ ತಂದುಕೊಟ್ಟರು. ಅವರು ಏನನ್ನೂ ಮಾಡಿ ಎನ್ನಲಿಲ್ಲ, ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

'ಬೇರೆ ಕಡೆ ಓದೋಕೆ ಹೋದೋರು ಲೆಕ್ಕಕ್ಕೇ ಬರಲ್ಲ, ನಿಮಗೆ ಗೊತ್ತಿರೋದೇ. ಮನೇಲೇ ಓದ್ತೀವಿ ಅಂತ ಪೋಷಕರು ಸಹಿ ಹಾಕಿದ್ರೂ ಅಷ್ಟೇ. ಕೆಲವು ಕುಟುಂಬಗಳಿಗೆ ಅದೇ ಅನುಕೂಲ ಕೂಡ.'

'ಆ ಮನೇಲಿ ಅವಳಿಗೆ ಪಾಠ ಹೇಳೋರು ಯಾರೂ ಇಲ್ಲ.'

'ನಾವು ಮನೆಯೊಳಗೆ ಹೋಗಿ ನೋಡೋಕಾಗತ್ತಾ? ಒಂದು ಆಯ್ಕೆ ಅಂತ ಅವರ ಮುಂದೆ ಇಡೋಣ. ಅವರೇ ತೀರ್ಮಾನ ಮಾಡ್ಲಿ.'

ಡಿಸೆಂಬರಿನ ವಿಷಯ ಹೇಳಿದೆ, ನಾನು ಮಾತು ಕೊಟ್ಟಿರುವುದನ್ನೂ ಹೇಳಿದೆ. ತಾಳ್ಮೆಯಿಂದ ಕೇಳಿದರು. ಆಮೇಲೆ ಮುನ್ನೂರ ಒಂಬತ್ತು ಕುಟುಂಬಗಳ ಬಗ್ಗೆ ಮಾತಾಡಿದರು. ಈ ಊರಿಗೆ ಜನ ಮನೆ ಕೊಳ್ಳಲು ಬರುವುದೇ ಶಾಲೆಯನ್ನು ನೋಡಿ ಎಂದರು. ಕೊನೆಗೆ, ಬಾಗಿಲ ಹತ್ತಿರ: 'ನಿಮ್ಮ ಪ್ರಬಂಧ ಓದಿ ಆಯ್ಕೆ ಸಮಿತಿಯೋರು ಫೋನ್ ಮಾಡಿದ್ರು, ಕಾರ್ಲ್. ಅದು ಹೀಗೆ ವ್ಯರ್ಥ ಆಗ್ಬಾರ್ದು.'

ಆಗುವುದಿಲ್ಲ ಎಂದು ಹೇಳಬೇಕಿತ್ತು. ಯೋಚಿಸುತ್ತೇನೆ ಅಂದೆ. ಯೋಚಿಸುತ್ತೇನೆ ಎನ್ನುವುದು ನಾನು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಹೇಳಿಕೊಟ್ಟ ಉತ್ತರ.

ಏಪ್ರಿಲ್ 17, ಬುಧವಾರ

ಆ ಮನೆಗೆ ಹೋಗುವುದಿಲ್ಲ.

ಏಪ್ರಿಲ್ 19, ಶುಕ್ರವಾರ

ಇನ್ನೊಂದು ಬದಿಯಿಂದ ನೋಡಿದರೆ, ಸೆಪ್ಟೆಂಬರಿನಲ್ಲಿ ಅವಳು ಬಂದೇ ಬರುತ್ತಾಳೆ ಎಂದು ಏನು ಖಾತ್ರಿ? ಈ ತಿಂಗಳು ಬಂದಿರುವುದು ಆರು ದಿನ. ಐದನೆಯ ವರ್ಷಕ್ಕೆ ಉಳಿದವರಲ್ಲಿ ಅರ್ಧ ಮಂದಿ ಮುಗಿಸುವುದಿಲ್ಲ. ಇದು ನನ್ನದೇ ಅನುಭವ. ಅಂಥ ಹುಡುಗಿಗೆ ಆಸೆ ಹುಟ್ಟಿಸಿದ್ದು ಸರಿಯೇ ಎಂಬ ಪ್ರಶ್ನೆಯೂ ಇದೆ. ಪದವಿ ಪತ್ರದ ಬದಲು ಹೊರಗಿನಿಂದ ಕಟ್ಟಬಹುದಾದ ವಯಸ್ಕರ ಸಮಾನ ಪರೀಕ್ಷೆ ಇದೆ. ದಾದಿ ಕೋರ್ಸಿನವರು ಅದನ್ನು ಒಪ್ಪುತ್ತಾರೋ ಇಲ್ಲವೋ ನೋಡಬೇಕು. ನೋಡಿಲ್ಲ.

ಏಪ್ರಿಲ್ 23, ಮಂಗಳವಾರ

ಹೋಗಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಹುಡುಗಿ ಶಾಲೆಯಲ್ಲಿರುತ್ತಾಳೆ ಎಂದು ಹಾಜರಿ ನೋಡಿಕೊಂಡು ಹೊರಟೆ. ಇದನ್ನು ಬರೆಯುವಾಗಲಷ್ಟೇ ಗಮನಿಸಿದೆ: ಈ ವರ್ಷ ಅವಳ ಹಾಜರಿ ನೋಡಿ ನನಗೆ ಸಮಾಧಾನವಾದದ್ದು ಇದೊಂದೇ ಸಲ.

ರೈಲು ಹಳಿಯ ಆಚೆಯ ಸಣ್ಣ ಇಟ್ಟಿಗೆ ಮನೆ. ನೋಡಿಕೊಳ್ಳುವ ಹೆಂಗಸು ಬಾಗಿಲು ತೆಗೆದು ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದಳು. ಮಿಸೆಸ್ ಸ್ಟ್ರಾಕಾ ಗಾಲಿಕುರ್ಚಿಯಲ್ಲಿ, ದೊಡ್ಡ ಕಿಟಕಿಯ ಹತ್ತಿರ. ಬಲಗೈ ಮಡಿಲಲ್ಲಿ ಬಿದ್ದಿತ್ತು. ಮಾತು ನಿಧಾನ, ಆದರೆ ಬುದ್ಧಿ ಚುರುಕು.

'ನೀವೇ ಅಲ್ವಾ ಮಿಸ್ಟರ್ ಲುಂಡೀನ್? ಅವಳು ಹೇಳ್ತಾಳೆ. ಶಾಲೇಲಿ ಒಬ್ರೇ ಒಬ್ರು ಮನುಷ್ಯರು ಅಂತ.'

'ಹಾಗೇನಿಲ್ಲ.'

'ಹೊಗಳಿದ್ರೆ ಸುಮ್ನೆ ತಗೋಬೇಕಪ್ಪ. ನಾನು ನಲವತ್ತು ವರ್ಷ ಬೇಕರಿಯಲ್ಲಿ ನಿಂತೋಳು. ಸುಮ್ಮಸುಮ್ನೆ ಯಾರಿಗೂ ಒಂದು ಬನ್ ಜಾಸ್ತಿ ಹಾಕಿಲ್ಲ.'

ಹಾಳೆಯನ್ನು ಮುಂದಿಟ್ಟೆ. ಕೊರಿನ್‌ಗೆ ಬೆಳಿಗ್ಗೆ ಬರಲು ತೊಂದರೆಯಾಗುತ್ತಿದೆ, ಮನೆಯಲ್ಲಿದ್ದು ಓದುವ ಒಂದು ಕ್ರಮವಿದೆ, ಅದಕ್ಕೆ ಪೋಷಕರ ಸಹಿ ಬೇಕು ಎಂದೆ. ಎಲ್ಲವೂ ನಿಜ, ಒಂದೊಂದಾಗಿ ತೆಗೆದುಕೊಂಡರೆ.

'ಟೀಚರನ್ನ ನೀವೇ ಕಳಿಸ್ತೀರಾ?'

'ಅದು ಕುಟುಂಬದವರು ನೋಡ್ಕೋಬೇಕಾಗತ್ತೆ.'

'ಕುಟುಂಬ' ಎಂದು ತಮ್ಮ ಬಲಗೈಯನ್ನು ನೋಡಿಕೊಂಡರು. 'ಅಂದ್ರೆ, ಅವಳು ಮನೆಯಿಂದ್ಲೇ ಮುಗಿಸ್ತಾಳೆ. ಆ ಪತ್ರ ಸಿಗತ್ತೆ. ಅಲ್ವಾ?'

ಕೆಳಗೆ ಒಗೆಯುವ ಯಂತ್ರ ತಿರುಗಲು ಶುರುವಾಯಿತು.

'ಮುಗಿಸಬಹುದು' ಎಂದೆ.

ಎಡಗೈಯಲ್ಲಿ ಸಹಿ ಹಾಕಿದರು. ಮಗು ಬರೆದ ಹಾಗಿತ್ತು. ಹಾಳೆ ಜಾರದಂತೆ ನಾನು ಒತ್ತಿ ಹಿಡಿದಿದ್ದೆ. ಹೊರಡುವಾಗ ಕೇಳಿದರು, 'ಇದನ್ನ ಅವಳಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?' ನಾನೇ ಹೇಳುತ್ತೇನೆ ಅಂದೆ.

ಏಪ್ರಿಲ್ 24, ಬುಧವಾರ

ಹಾಳೆಯನ್ನು ಬೆವ್‌ಗೆ ಕೊಟ್ಟೆ. ಸಹಿಯನ್ನು ಬಹಳ ಹೊತ್ತು ನೋಡಿದಳು. ಕೀಲಿಮಣೆ ಒತ್ತಿದಳು. ಪರದೆಯ ಮೇಲೆ ನೂರಕ್ಕೆ ತೊಂಬತ್ತೇಳು ದಶಾಂಶ ಒಂದು.

ಏಪ್ರಿಲ್ 30, ಮಂಗಳವಾರ

ಹುಡುಗಿ ಈ ವಾರ ಬಂದಿಲ್ಲ. ಹೇಳಲು ಅವಕಾಶವಾಗಲಿಲ್ಲ.

ಮೇ 3, ಶುಕ್ರವಾರ

ಇಂದು ಬಂದಳು. ನಾನು ನನ್ನ ಕೋಣೆಯಲ್ಲಿದ್ದೆ, ಗೋಡೆಯ ಆಚೆ ಹಾಜರಿ ಮೇಜು. ಅವಳ ಗುರುತಿನ ಚೀಟಿಗೆ ಮುಂಬಾಗಿಲು ತೆರೆದಿರಲಿಲ್ಲ. ಕಾವಲಿನವನು ಅವಳನ್ನು ಮೇಜಿನ ತನಕ ಕರೆತಂದ.

'ಮಿಸೆಸ್ ನೊವಿಟ್ಸ್ಕಿ, ನನ್ನ ಚೀಟಿ ಕೆಟ್ಟೋಗಿದೆ.'

'ಕೆಟ್ಟಿಲ್ಲಮ್ಮ. ನಿನ್ನನ್ನ ಮನೆಪಾಠಕ್ಕೆ ಹಾಕಿದಾರೆ. ಅಜ್ಜಿ ಸಹಿ ಇದೆ.'

'ಅದು ಬೆಳಿಗ್ಗೆ ಹೊತ್ತಿನ ತರಗತಿಗೆ ಅಲ್ವಾ? ಅಜ್ಜಿ ಹಾಗಂದ್ರು. ಸೆಪ್ಟೆಂಬರಿಗೆ ನಂದು ಬೇರೆ ಟೈಮ್‌ಟೇಬಲ್ ಇದೆ. ಮಿಸ್ಟರ್ ಲುಂಡೀನ್ ಬರೆದಿಟ್ಟಿದಾರೆ, ಅವರನ್ನ ಕೇಳಿ.'

ಬೆವ್ ನನ್ನ ಬಾಗಿಲಿಗೆ ಬಂದಳು. ಅರ್ಧ ತೆರೆದು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಯಾವ ಕಡೆಗೆ ಎಂದು ಅವಳಿಗೆ ಅರ್ಥವಾಯಿತು.

'ಮೀಟಿಂಗಲ್ಲಿದಾರಂತೆ.'

'ಕಾಯ್ತೀನಿ.'

ನಲವತ್ತು ನಿಮಿಷ ಕಾದಳು. ಕುರ್ಚಿ ಎರಡು ಸಲ ಕಿರುಗುಟ್ಟಿತು. ಆಮೇಲೆ ಬೆವ್ ಸಮಾನ ಪರೀಕ್ಷೆಯ ಕರಪತ್ರ ಕೊಟ್ಟಳೆಂದು ಕಾಣುತ್ತದೆ. 'ಇದನ್ನ ದಾದಿ ಕಾಲೇಜಲ್ಲಿ ತಗೊಳ್ಳಲ್ಲ, ನಾನು ಕೇಳಿದೀನಿ' ಎಂದಿತು ಹುಡುಗಿಯ ದನಿ. ಕೋಪವಿರಲಿಲ್ಲ. ವಿಳಾಸ ತಪ್ಪಿ ಬಂದವರಿಗೆ ತಿಳಿಸಿ ಹೇಳುವ ಹಾಗಿತ್ತು.

ಅವಳು ಹೋದ ಮೇಲೆ ಬೆವ್ ಬಂದು ಬಾಗಿಲಲ್ಲಿ ನಿಂತಳು.

'ಮೀಟಿಂಗ್ ಮುಗೀತಾ?'

ಇಂಥ ಪ್ರಕರಣಗಳಲ್ಲಿ ಮೊದಲೇ ಒಂದು ಪತ್ರ ಕಳಿಸುವ ವ್ಯವಸ್ಥೆ ಇದ್ದರೆ ಹೀಗೆ ಎದುರುಬದುರು ಮುಜುಗರ ಆಗುವುದಿಲ್ಲ. ಮುಂದಿನ ವರ್ಷಕ್ಕೆ ಒಂದು ಮಾದರಿ ಪತ್ರ ಬರೆದಿಡಬೇಕು. ಭಾಷೆ ಮೃದುವಾಗಿರಬೇಕು.

ಮೇ 14, ಮಂಗಳವಾರ

ಬಂತು. ಮಧ್ಯಾಹ್ನ ಎಲ್ಲರನ್ನೂ ಜಿಮ್ನೇಷಿಯಂಗೆ ಕರೆದರು. ವಾದ್ಯವೃಂದ ನುಡಿಸಿತು. ಐದನೆಯ ಪತಾಕೆ ಮೇಲೇರುವಾಗ ಒಂದು ಮೂಲೆ ಸಿಕ್ಕಿಕೊಂಡು, ವಾಲಿಬಾಲ್ ತಂಡದ ಎತ್ತರದ ಹುಡುಗಿಯೊಬ್ಬಳು ಏಣಿ ಹತ್ತಿ ಬಿಡಿಸಿದಳು. ಟಾಲಿವರ್ ಪ್ರಬಂಧದ ಕೊನೆಯ ಭಾಗವನ್ನು ಓದಿದರು. ಅಜ್ಜಿಯ ಭಾಗ ಬಂದಾಗ ಸಾವಿರದ ಇನ್ನೂರು ಮಕ್ಕಳು ನಿಶ್ಶಬ್ದ. ಅಷ್ಟು ಮಕ್ಕಳನ್ನು ಒಮ್ಮೆಗೇ ಸುಮ್ಮನಾಗಿಸಿದ ವಾಕ್ಯ ನನ್ನದು. ಆಮೇಲೆ ನನ್ನನ್ನು ಎದ್ದು ನಿಲ್ಲಲು ಹೇಳಿದರು.

ಇಷ್ಟು ವರ್ಷಗಳಲ್ಲಿ ಇದೇ ಮೊದಲು. ಇದನ್ನು ಕಹಿಯಿಲ್ಲದೆ ಬರೆಯಲು ಪ್ರಯತ್ನಿಸುತ್ತಿದ್ದೇನೆ: ಚೆನ್ನಾಗಿತ್ತು.

ಬೆವ್ ಇರಲಿಲ್ಲ. ಯಾರಾದರೂ ಫೋನ್ ನೋಡಿಕೊಳ್ಳಬೇಕಲ್ಲ ಅಂದಳಂತೆ.

ಮೇ 18, ಶನಿವಾರ

ಟಾಲಿವರ್ ಮನೆಗೆ ಫೋನ್ ಮಾಡಿದರು. ಪ್ರತಿ ವರ್ಷ ಈ ವಾರ, ಪದವಿ ಪಡೆಯುವ ಪ್ರತಿ ಮಗುವಿನ ಮನೆಯಂಗಳದಲ್ಲಿ ಪೋಷಕರ ಸಂಘದವರು ಹೆಸರು ಬರೆದ ನೀಲಿ ಫಲಕ ನೆಡುತ್ತಾರೆ. ನಿನ್ನೆ ನೆಟ್ಟು ಮುಗಿಸಿದ್ದಾರೆ. ಮುದ್ರಣಕ್ಕೆ ಅವರು ಕೊಟ್ಟಿದ್ದು ಅಕ್ಟೋಬರಿನ ಪಟ್ಟಿ. ಉಳಿದುಹೋದ ಒಂಬತ್ತು ಹೆಸರುಗಳನ್ನು ಶಾಲೆ ಆಮೇಲೆ ಹೊಡೆದುಹಾಕಿ ಕಳಿಸಿತ್ತು. ಹತ್ತನೆಯದನ್ನು ಹೊಡೆಯಲು ಯಾರಿಗೂ ನೆನಪಾಗಿಲ್ಲ. ಲೆಕ್ಕದಲ್ಲೇ ಇಲ್ಲದ ಹೆಸರನ್ನು ಹೊಡೆಯುವುದಾದರೂ ಹೇಗೆ.

'ಒಂದು ಫಲಕ ಹೆಚ್ಚಾಗಿದೆ ಕಾರ್ಲ್. ಸಂಘದೋರು ಊರೆಲ್ಲ ಸುತ್ತಿ ಎಲ್ಲಾ ಮನೆಗಳ ಫೋಟೋ ಹಾಕ್ತಿದಾರೆ. ಯಾರಾದ್ರೂ ಎಣಿಸಿದ್ರೆ?'

'ಯಾರು ಎಣಿಸ್ತಾರೆ?'

'ಆ ಕುಟುಂಬಕ್ಕೂ ಅದು ನೋವಲ್ವಾ? ದಿನಾ ಕಣ್ಣೆದುರು.' ಆಮೇಲೆ, 'ನಿಮಗೆ ಆ ಮನೆ ಗೊತ್ತು' ಅಂದರು.

ಮೇ 19, ಭಾನುವಾರ

ಚರ್ಚಿಗೆ ಜನ ಹೋಗುವ ಹೊತ್ತಿನಲ್ಲಿ ಹೋದೆ. ಹಳಿಯ ಆಚೆಯ ಬೀದಿಯಲ್ಲಿ ಆ ಬಣ್ಣದ ಫಲಕ ಅದೊಂದೇ. ನಮ್ಮ ಬೀದಿಗಳಲ್ಲಿ ಸಾಲುಸಾಲಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ದೂರದಿಂದಲೇ ಕಂಡಿತು. 'ಆಲ್ಡರ್ ಗ್ರೋವಿನ ಪದವೀಧರೆ ಕೊರಿನ್ ಇಲ್ಲಿದ್ದಾಳೆ.' ಹುಲ್ಲನ್ನು ಹೊಸದಾಗಿ ಕತ್ತರಿಸಿದ್ದರು. ಫಲಕದ ಸುತ್ತ ಒಂದು ಅಂಗುಲ ಬಿಟ್ಟು, ಅದಕ್ಕೆ ತಾಗದ ಹಾಗೆ.

ಮಿಸೆಸ್ ಸ್ಟ್ರಾಕಾ ಕಿಟಕಿಯಲ್ಲಿದ್ದರು. ನನ್ನನ್ನು ನೋಡಿ ಎಡಗೈ ಎತ್ತಿದರು. ನಾನೂ ಎತ್ತಿದೆ. ಕಿಟಕಿಯನ್ನು ಮೇಲೆ ಸರಿಸಲು ಹೆಣಗಿ, ನಾಲ್ಕು ಬೆರಳಷ್ಟು ಸಂದು ಮಾಡಿಕೊಂಡು ಅಲ್ಲಿಂದ ಕೂಗಿದರು.

'ನೀವು ಹೇಳಿದ ಹಾಗೇ ಆಯ್ತಲ್ಲ ಮಿಸ್ಟರ್ ಲುಂಡೀನ್. ಅವಳು ನಂಬ್ತಾನೇ ಇರ್ಲಿಲ್ಲ. ಎಲ್ಲಾ ಮುಗೀತು ಅಜ್ಜಿ, ನನ್ನ ತೆಗೆದುಹಾಕಿದಾರೆ ಅಂತ ಎರಡು ವಾರದಿಂದ ಒಂದೇ ಸಮ. ಮೊನ್ನೆ ಇದನ್ನ ನೋಡಿದ ಮೇಲೆ ಬಾಯಿ ಮುಚ್ಚಿದ್ಲು. ಈಗ ಬೇಕರಿ ಕೆಲಸಕ್ಕೆ ಹೋಗಿದಾಳೆ, ನಾಲ್ಕಕ್ಕೆ ಬರ್ತಾಳೆ. ನಾಳೆ ಶಾಲೆಗೆ ಬಂದು ನಿಮ್ಮನ್ನ ಕಾಣ್ತಾಳಂತೆ.'

'ಒಳ್ಳೇದು' ಎಂದೆ.

'ಒಳಗೆ ಬನ್ನಿ. ನಂಗೆ ಕಾಫಿ ಮಾಡಕ್ಕಾಗಲ್ಲ, ನೀವೇ ಮಾಡ್ಕೊಂಡು ಕುಡೀಬೇಕು.'

ಇನ್ನೊಂದು ದಿನ ಅಂದೆ. ಫಲಕ ಸ್ವಲ್ಪ ವಾಲಿತ್ತು. ಅವರು ನೋಡುತ್ತಿದ್ದರಾದ್ದರಿಂದ ಅದನ್ನು ನೇರ ಮಾಡಿದೆ, ಕಾಲಿನಿಂದ ಮಣ್ಣು ಒತ್ತಿದೆ. ಅವರು ತಲೆದೂಗಿದರು. ಕಾರಿನಲ್ಲಿ ಹೋಗಿ ಕೂತೆ. ಬಹಳ ಹೊತ್ತಿನ ಮೇಲೆ ನೋಡಿಕೊಳ್ಳುವ ಹೆಂಗಸು ಬಂದು ಕುರ್ಚಿಯನ್ನು ಒಳಕ್ಕೆ ತಳ್ಳಿಕೊಂಡು ಹೋದಳು. ಆಗ ಇಳಿದೆ. ಚೆನ್ನಾಗಿ ಒತ್ತಿದ್ದರಿಂದ ಕೀಳುವುದು ಕಷ್ಟವಾಯಿತು.

ಈಗ ಐದು ಗಂಟೆ. ಫಲಕ ಕಾರಿನ ಹಿಂದಿನ ಸೀಟಿನಲ್ಲೇ ಇದೆ, ಮುಖ ಕೆಳಗೆ ಮಾಡಿ ಇಟ್ಟಿದ್ದೇನೆ. ಕೊರಿನ್, ನೀನು ಒಂದು ಗಂಟೆಯ ಹಿಂದೆ ಮನೆಗೆ ಬಂದಿರಬೇಕು, ಹುಲ್ಲಿನಲ್ಲಿ ಎರಡು ತೂತು ನೋಡಿರಬೇಕು, ಒಳಗೆ ಹೋಗಿ ಕೇಳಿರಬೇಕು. ನಿನ್ನ ಅಜ್ಜಿ ಏನೆಂದರು: ಮಿಸ್ಟರ್ ಲುಂಡೀನ್ ಬಂದು ಕಿತ್ತುಕೊಂಡು ಹೋದರು ಅಂದರೇ, ಅಥವಾ ನಾನು ಅದನ್ನು ನೇರ ಮಾಡಿ ಹೋದ ಮೇಲೆ ಯಾರೋ ಕದ್ದರು ಅಂದರೇ?